ಬಾಯಿಯ ಪಡಿಯಚ್ಚು: ದಂತಕೀಲ ಚಿಕಿತ್ಸೆಯಲ್ಲಿ ಹಳೆಯ ಅಚ್ಚು, ಡಿಜಿಟಲ್ ಅಚ್ಚು ಮತ್ತು ಯಥಾರ್ಥತೆಯ ಪ್ರಶ್ನೆ

ಶಾಸನಗಳ ವ್ಯಾಸಂಗದಲ್ಲಿ ತೊಡಗಿದವರಿಗೆ ಪಡಿಯಚ್ಚು ಎಂಬ ಮಾತು ಅಪರಿಚಿತವಲ್ಲ. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿನೊಳಕ್ಕೆ ಇಳಿಸಿ, ಮೇಲೆ ಮಸಿ ಹಚ್ಚಿ ತೆಗೆದರೆ, ಕಲ್ಲು ತಾನಿದ್ದಲ್ಲಿಯೇ ಉಳಿದು ಅದರ ಪ್ರತಿ ನಮ್ಮ ಮೇಜಿಗೆ ಬರುತ್ತದೆ. ಅಲ್ಲಿಂದ ಮುಂದೆ ಓದುವುದೂ ವಾದಿಸುವುದೂ ಆ ಪ್ರತಿಯನ್ನು ನೆಚ್ಚಿಯೇ. ದಂತವೈದ್ಯನ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕೃತಕ ದಂತವನ್ನು ಯಾರೂ ರೋಗಿಯ ಬಾಯೊಳಗೇ ಕಡೆದು ನಿರ್ಮಿಸುವುದಿಲ್ಲ. ಬಾಯಿಯ ಅಚ್ಚು ತೆಗೆದು, ಅದರಿಂದ ಮಾದರಿಯನ್ನು ಎರೆದು, ಆ ಮಾದರಿಯ ಮೇಲೆ ದಂತವನ್ನು ಸಿದ್ಧಪಡಿಸಿ, ಬಳಿಕ ಬಾಯಿಗೆ ತಂದು ಕೂಡಿಸುವುದು ವಾಡಿಕೆ. ಮೂಲಕ್ಕೂ ಪ್ರತಿಗೂ ಅಂತರವೆಷ್ಟು ಎಂಬ ಪ್ರಶ್ನೆ ಹೀಗೆ ಎರಡು ಶಾಸ್ತ್ರಗಳಿಗೂ ಸಮಾನವಾದುದು.

ಕಳೆದ ನಾಲ್ಕು ದಶಕಗಳಿಂದ ಈಚೆಗೆ ಮೇಣ, ಪ್ಲಾಸ್ಟರ್, ರಬ್ಬರುಗಳ ಅಚ್ಚಿಗೆ ಬೆಳಕಿನ ಅಚ್ಚೊಂದು ಎದುರಾಳಿಯಾಗಿ ನಿಂತಿದೆ. ಚಿಕ್ಕ ಕ್ಯಾಮರಾ ಬಾಯೊಳಗೆ ಸಂಚರಿಸಿ ಹಲ್ಲುಗಳ ಆಕಾರವನ್ನು ಅಂಕೆಗಳಾಗಿ ದಾಖಲಿಸುತ್ತದೆ. ಇದನ್ನೇ ಡಿಜಿಟಲ್ ಅಚ್ಚು ಎನ್ನುವರು. ಹಳೆಯದು ಕೈಯ ಕೆಲಸ, ಹೊಸದು ಯಂತ್ರದ ಕೆಲಸ, ಅದುಕಾರಣ ಹೊಸದೇ ಹೆಚ್ಚು ಯಥಾರ್ಥವೆಂದು ಜನಸಾಮಾನ್ಯರು ನಂಬುವುದು ಸಹಜ. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ದವಡೆಯ ಮೂಳೆಯಲ್ಲಿ ಲೋಹದ ಕೀಲವನ್ನು ನೆಟ್ಟು ಅದರ ಮೇಲೆ ದಂತವನ್ನು ನಿಲ್ಲಿಸುವ ಚಿಕಿತ್ಸೆಯಲ್ಲಿ (ಇಂಪ್ಲಾಂಟ್ ಎಂದು ಬಳಕೆಯಲ್ಲಿರುವ ಈ ಕೀಲವನ್ನು ನಾವಿಲ್ಲಿ ದಂತಕೀಲವೆಂದು ಕರೆಯುತ್ತೇವೆ) ಈ ಪ್ರಶ್ನೆ ಅತಿ ತೀಕ್ಷ್ಣವಾಗಿ ಎದ್ದಿದೆ. ನಾವು ವೈದ್ಯರಲ್ಲ, ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಕಾಲಾನುಕ್ರಮದಲ್ಲಿ ಸಾಮಗ್ರಿಯನ್ನು ಜೋಡಿಸಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅಚ್ಚಿನ ದೋಷವು ಎಲ್ಲ ಕಾಲದಲ್ಲಿಯೂ ಬಹುಮಟ್ಟಿಗೆ ಕುಳಿತಿರುವುದು ಬೆಸುಗೆಯಲ್ಲಿ, ಅಂದರೆ ತುಂಡು ತುಂಡಾಗಿ ಪಡೆದುದನ್ನು ಒಂದಾಗಿ ಸೇರಿಸುವ ಸ್ಥಳದಲ್ಲಿ. ಕೈಗೂ ಯಂತ್ರಕ್ಕೂ ಇರುವ ವ್ಯತ್ಯಾಸಕ್ಕಿಂತ ಇದು ಹೆಚ್ಚಿನದೆಂಬುದೇ ಪ್ರಕೃತ ಪ್ರಬಂಧದ ವಾದ.

ಅಚ್ಚಿನ ಇತಿಹಾಸವು ಮೇಣದಿಂದ ಆರಂಭವಾಗುತ್ತದೆ. 1728ರಲ್ಲಿ ಪ್ಯಾರಿಸ್ಸಿನ ಪಿಯೆರ್ ಫೊಷಾರ್ ಪ್ರಕಟಿಸಿದ ಗ್ರಂಥವನ್ನು ಆಧುನಿಕ ದಂತವೈದ್ಯದ ಮೂಲಗ್ರಂಥವೆಂದು ಗಣಿಸಲಾಗಿದೆ. ಆದರೂ ಬಾಯಿಯ ಅಚ್ಚು ತೆಗೆಯುವ ವಿಧಾನಕ್ಕೆ ಅದರಲ್ಲಿ ಸ್ಥಾನವಿಲ್ಲ. ಆ ವಿಧಾನವನ್ನು ವಿವರಿಸಿದ ಕೀರ್ತಿ ಪ್ರಷ್ಯಾದ ದೊರೆ ಮಹಾ ಫ್ರೆಡರಿಕನ ದಂತವೈದ್ಯನಾಗಿದ್ದ ಫಿಲಿಪ್ ಪ್ಫಾಫನಿಗೆ ಸಲ್ಲುತ್ತದೆ. 1756ರಲ್ಲಿ ಬರ್ಲಿನ್ನಿನಲ್ಲಿ ಹೊರಬಂದ ಅವನ ಗ್ರಂಥದ ಪ್ರಕಾರ, ಮೆತ್ತಗೆ ಮಾಡಿದ ಮೇಣದಿಂದ ದವಡೆಯ ಅಚ್ಚನ್ನು ಎರಡು ಅರ್ಧಗಳಾಗಿ ತೆಗೆದು, ಅವೆರಡನ್ನು ಹೊರಗೆ ಜೋಡಿಸಿ, ಅದರಲ್ಲಿ ಪ್ಲಾಸ್ಟರನ್ನು ಎರೆಯಬೇಕು. ಇಡೀ ದವಡೆಯ ಅಚ್ಚನ್ನು ಒಮ್ಮೆಗೇ ತೆಗೆಯಹೋದರೆ ಮೇಣ ಬಾಯಿಂದ ಹೊರಬರುವಾಗ ಸೊಟ್ಟಗಾಗುವುದು ಖಂಡಿತ. ಅರ್ಧರ್ಧವಾಗಿ ತೆಗೆದರೆ ಆ ತೊಂದರೆ ಕಡಿಮೆ. ಆದರೆ ನಟ್ಟನಡುವೆ ಒಂದು ಸಂದು ಹುಟ್ಟಿಕೊಳ್ಳುತ್ತದೆ. ಬೆಸುಗೆಯ ಪ್ರಶ್ನೆ ಈ ಶಾಸ್ತ್ರದ ಮೊದಲ ವರ್ಣನೆಯಲ್ಲಿಯೇ ಇದೆಯೆಂಬುದನ್ನು ವಾಚಕರು ಗಮನಿಸಬೇಕು.

1844ರ ಸುಮಾರಿಗೆ ಅಮೆರಿಕಾದಲ್ಲಿ ಪ್ಯಾರಿಸ್ ಪ್ಲಾಸ್ಟರನ್ನೇ ನೇರವಾಗಿ ಬಾಯೊಳಗಿಟ್ಟು ಅಚ್ಚು ತೆಗೆಯುವ ಪದ್ಧತಿ ತಲೆದೋರಿತು. ಅದನ್ನು ಮೊದಲು ಕಂಡವರು ತಾವೇ ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಹಕ್ಕು ಸಾಧಿಸಿದುದುಂಟು. ಪ್ಲಾಸ್ಟರು ಅತಿ ಸೂಕ್ಷ್ಮ ರೇಖೆಯನ್ನೂ ಹಿಡಿಯುತ್ತದೆ. ಗಟ್ಟಿಯಾದ ಮೇಲೆ ಬಾಗುವುದಿಲ್ಲ. ಆ ಗಟ್ಟಿತನವೇ ಅದರ ಸಂಕಟವೂ ಹೌದು. ಹಲ್ಲುಗಳಿರುವ ಬಾಯಿಯಲ್ಲಿ, ಅವುಗಳ ಬುಡದ ಕಿರಿದಾದ ಭಾಗಕ್ಕೆ ಕಚ್ಚಿಕೊಂಡು ಕುಳಿತ ಪ್ಲಾಸ್ಟರನ್ನು ಇಡಿಯಾಗಿ ಎಳೆದು ತೆಗೆಯಲಾಗದು. ಹೀಗಿರಲಾಗಿ ವೈದ್ಯನು ಅದರ ಮೇಲೆ ಗೀರು ಹಾಕಿ, ಬಾಯೊಳಗೇ ಮುರಿದು, ಚೂರುಗಳನ್ನು ಒಂದೊಂದಾಗಿ ಹೊರತೆಗೆದು ತಟ್ಟೆಯಲ್ಲಿ ಮತ್ತೆ ಹೊಂದಿಸುತ್ತಿದ್ದನು. ಉತ್ಖನನದಲ್ಲಿ ಸಿಕ್ಕ ಮಡಕೆಯ ಚೂರುಗಳನ್ನು ಕೂಡಿಸುವ ಕೆಲಸವನ್ನು ನೋಡಿದವರಿಗೆ ಈ ಶ್ರಮದ ಕಲ್ಪನೆ ಬಾರದಿರದು. ಚೂರಿನ ಅಂಚುಗಳು ಸರಿಯಾಗಿ ಕೂಡಿದರೆ ಅಚ್ಚು ನಿರ್ದುಷ್ಟ. ನಡುವೆ ಒಂದು ಪುಡಿ ಸಿಕ್ಕಿಕೊಂಡರೆ ಇಡೀ ಪಂಕ್ತಿಯೇ ಓರೆ.

ಮುಂದಿನ ನೂರು ವರ್ಷಗಳ ಪ್ರಯತ್ನವೆಲ್ಲ ಮುರಿಯದೆ ಹೊರಬರುವ, ಬಂದ ಮೇಲೆ ಮೊದಲಿನ ಆಕಾರಕ್ಕೆ ಮರಳುವ ದ್ರವ್ಯವೊಂದರ ಅನ್ವೇಷಣೆಯೆನ್ನಬಹುದು. ಲಂಡನ್ನಿನ ಚಾರ್ಲ್ಸ್ ಸ್ಟೆಂಟ್ 1850ರ ದಶಕದಲ್ಲಿ, ಕಾಯಿಸಿದರೆ ಮೆತ್ತಗಾಗುವ ಒಂದು ಮಿಶ್ರಣವನ್ನು ಬಳಕೆಗೆ ತಂದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಮುಖಗಳ ಶಸ್ತ್ರಚಿಕಿತ್ಸೆಗೆ ಡಚ್ ವೈದ್ಯ ಎಸ್ಸರ್ ಅದೇ ಮಿಶ್ರಣವನ್ನು ಉಪಯೋಗಿಸಿದುದರಿಂದ ಸ್ಟೆಂಟನ ಹೆಸರು ದಂತವೈದ್ಯದಿಂದ ಹೊರಕ್ಕೆ ದಾಟಿತು. ಇಂದು ಹೃದ್ರೋಗಿಗಳ ರಕ್ತನಾಳದೊಳಗೆ ಇರಿಸುವ ಸ್ಟೆಂಟಿಗೆ ಆ ಹೆಸರು ಬಂದುದು ಈ ದಂತವೈದ್ಯನಿಂದಲೇ ಎಂಬುದು ಅನೇಕರಿಗೆ ತಿಳಿಯದು. 1925ರಲ್ಲಿ ವಿಯೆನ್ನಾದ ಆಲ್ಫೋನ್ಸ್ ಪೊಲ್ಲರ್ ಕಡಲ ಪಾಚಿಯಿಂದ ದೊರೆಯುವ ಅಗರ್ ಎಂಬ ಅಂಟಿನಿಂದ ಅಚ್ಚು ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಅವನ ಲಕ್ಷ್ಯವಿದ್ದುದು ಹಲ್ಲಿನ ಮೇಲಲ್ಲ, ದೇಹದ ಅಂಗಾಂಗಗಳ ತದ್ರೂಪ ನಿರ್ಮಾಣದ ಮೇಲೆ. ದಂತವೈದ್ಯರು ಅದನ್ನು ಬೇಗನೆ ತಮ್ಮದಾಗಿ ಮಾಡಿಕೊಂಡರು. ಅಗರ್ ಮುಖ್ಯವಾಗಿ ಜಪಾನಿನಿಂದ ಬರುತ್ತಿದ್ದುದರಿಂದ ಎರಡನೆಯ ಮಹಾಯುದ್ಧದಲ್ಲಿ ಅದರ ಆಮದು ನಿಂತಿತು. ಮತ್ತೊಂದು ಜಾತಿಯ ಪಾಚಿಯಿಂದ ಪಡೆದ ಆಲ್ಜಿನೇಟ್ ಆ ತೆರವನ್ನು ತುಂಬಿತು. ಇವೆರಡೂ ನೀರಿನ ಅಂಶವುಳ್ಳವು. ಇಟ್ಟಲ್ಲಿಯೇ ಒಣಗಿ ಕುಗ್ಗುತ್ತವೆ. ಮಾದರಿಯನ್ನು ಕೂಡಲೆ ಎರೆಯದಿದ್ದರೆ ಅಳತೆ ಕೆಡುತ್ತದೆ.

1950ರ ದಶಕದಲ್ಲಿ ಕೃತಕ ರಬ್ಬರುಗಳು ಬಂದವು. ಕೈಗಾರಿಕೆಯಲ್ಲಿ ಸಂದು ಮುಚ್ಚಲು ಉಪಯೋಗವಾಗುತ್ತಿದ್ದ ಪಾಲಿಸಲ್ಫೈಡ್ ಮೊದಲು, ಅನಂತರ ಸಿಲಿಕೋನ್. 1960ರ ದಶಕದಲ್ಲಿ ಜರ್ಮನಿಯಲ್ಲಿ ದಂತವೈದ್ಯಕ್ಕೆಂದೇ ನಿರ್ಮಿತವಾದ ಪಾಲಿಈಥರ್. 1970ರ ದಶಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಸುಧಾರಿತ ಸಿಲಿಕೋನ್. ಇವುಗಳ ನಡುವಣ ಅಂತರವನ್ನು ಅಂಕೆಗಳಲ್ಲಿ ಹೇಳುವುದು ಲೇಸು. ಹಳೆಯ ಸಿಲಿಕೋನ್ ಒಂದು ದಿನದಲ್ಲಿ ನೂರಕ್ಕೆ ಸುಮಾರು 0.5ರಷ್ಟು ಕುಗ್ಗಿದರೆ, ಸುಧಾರಿತವಾದುದು ನೂರಕ್ಕೆ ಸುಮಾರು 0.05ರಷ್ಟು ಮಾತ್ರ ಕುಗ್ಗುತ್ತದೆ. ಒಂದೇ ಹಲ್ಲಿನ 10 ಮಿಲಿಮೀಟರ್ ಅಗಲಕ್ಕೆ ಮೊದಲನೆಯದರ ದೋಷ 50 ಮೈಕ್ರಾನ್, ಎರಡನೆಯದರದು 5. ಅಳತೆಯ ದೂರವು 50 ಮಿಲಿಮೀಟರ್ ಆದರೆ ದೋಷಗಳು ಕ್ರಮವಾಗಿ 250 ಮತ್ತು 25 ಮೈಕ್ರಾನುಗಳಾಗುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ದೂರ ಹೆಚ್ಚಿದಂತೆ ದೋಷ ಹೆಚ್ಚುತ್ತದೆಂಬ ಈ ಸಾಮಾನ್ಯ ಗಣಿತವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಾದವಿವಾದಗಳಲ್ಲಿ ಬಹುಪಾಲು ತಾನಾಗಿ ತಿಳಿಯಾಗುವುದು.

ಇಷ್ಟು ಸೂಕ್ಷ್ಮ ಲೆಕ್ಕ ಏಕೆ ಬೇಕಾಯಿತು? ಸಹಜವಾದ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಾರಿನ ತೆಳುವಾದ ಪೊರೆಯೊಂದರ ನಡುವೆ ತೂಗಿಕೊಂಡಿದ್ದು, ಅಗಿಯುವಾಗ 25ರಿಂದ 100 ಮೈಕ್ರಾನುಗಳವರೆಗೆ ಕದಲುತ್ತದೆ. ಕೂರಿಸಿದ ದಂತದಲ್ಲಿ ಅಲ್ಪಸ್ವಲ್ಪ ಓರೆಯಿದ್ದರೂ ಹಲ್ಲು ತಾನೇ ಸರಿದು ಹೊಂದಿಕೊಳ್ಳುವುದುಂಟು. ದಂತಕೀಲಕ್ಕೆ ಈ ಔದಾರ್ಯವಿಲ್ಲ. 1952ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಮ್ ಕೋಶವಿರಿಸಿ ರಕ್ತಸಂಚಾರವನ್ನು ಪರೀಕ್ಷಿಸುತ್ತಿದ್ದ ಪೆರ್-ಇಂಗ್ವಾರ್ ಬ್ರಾನೆಮಾರ್ಕ್, ಪ್ರಯೋಗ ಮುಗಿದ ಮೇಲೆ ಆ ಲೋಹವನ್ನು ಮೂಳೆಯಿಂದ ಬಿಡಿಸಲಾಗದೆ ಹೋದುದು ಪ್ರಸಿದ್ಧವಾದ ಸಂಗತಿ. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಆತನು ಮೊದಲ ರೋಗಿಗೆ ಟೈಟಾನಿಯಮ್ ಕೀಲಗಳನ್ನು ನೆಟ್ಟನು. 1982ರ ಟೊರಾಂಟೊ ಸಮ್ಮೇಳನದ ಬಳಿಕ ಅಮೆರಿಕಾ ಖಂಡದ ವಿದ್ವಾಂಸರೂ ಅದನ್ನು ಮಾನ್ಯ ಮಾಡಿದರು. ಮೂಳೆಯೊಡನೆ ಒಂದಾಗಿಹೋದ ಈ ಕೀಲವು 3ರಿಂದ 5 ಮೈಕ್ರಾನಿಗಿಂತ ಹೆಚ್ಚು ಕದಲುವುದಿಲ್ಲ. ನಾಲ್ಕಾರು ಕೀಲಗಳ ಮೇಲೆ ಒಂದೇ ಲೋಹದ ಚೌಕಟ್ಟನ್ನು ತಿರುಪಿನಿಂದ ಬಿಗಿಯುವಾಗ ಚೌಕಟ್ಟಿನ ಅಳತೆ ತಪ್ಪಿದ್ದರೆ, ಕೀಲ ಸರಿಯಲಾರದು, ಚೌಕಟ್ಟು ಬಾಗಲಾರದು. ತಿರುಪು ಸಡಿಲವಾಗುವುದು, ತುಂಡಾಗುವುದು, ಮೇಲಿನ ಪಿಂಗಾಣಿ ಬಿರಿಯುವುದು ಇತ್ಯಾದಿ ತೊಂದರೆಗಳನ್ನು ರೋಗಿ ಅನುಭವಿಸಬೇಕಾಗುತ್ತದೆ.

ಹಾಗಾದರೆ ಎಷ್ಟರ ಮಟ್ಟಿನ ದೋಷ ಕ್ಷಮ್ಯ? 1983ರಲ್ಲಿ ಬ್ರಾನೆಮಾರ್ಕ್ 10 ಮೈಕ್ರಾನ್ ಎಂದನು. 1991ರಲ್ಲಿ ಅದೇ ಗೋಥೆನ್‌ಬರ್ಗಿನ ಟೋರ್ಸ್ಟೆನ್ ಯೆಮ್ಟ್ 150 ಮೈಕ್ರಾನ್ ಎಂದನು. ಒಂದೇ ನಗರದ ಇಬ್ಬರು ಅನುಭವಿಗಳ ನಡುವೆ ಹದಿನೈದು ಪಟ್ಟು ಅಂತರ! ಈ ಎರಡು ಅಂಕೆಗಳೂ ಅಂದಿನಿಂದ ಇಂದಿನವರೆಗೆ ಲೇಖನದಿಂದ ಲೇಖನಕ್ಕೆ ಸಾಗಿಬಂದಿವೆ. ಆದರೆ ಅವು ಅನುಭವಸ್ಥರ ಅಭಿಪ್ರಾಯಗಳೇ ಹೊರತು ಪ್ರಯೋಗದಿಂದ ಸ್ಥಿರಪಟ್ಟ ಸೀಮೆಗಳಲ್ಲ. ಉದ್ಧರಿಸಿದವರನ್ನೇ ಉದ್ಧರಿಸುತ್ತ ಹೋದಾಗ ಊಹೆ ಪ್ರಮಾಣವಾಗಿಬಿಡುವ ಈ ಕ್ರಮ ಇತಿಹಾಸಕಾರರಿಗೆ ಹೊಸದಲ್ಲ. ನಮ್ಮ ರಾಜವಂಶಾವಳಿಗಳ ಎಷ್ಟೋ ಕಾಲನಿರ್ಣಯಗಳು ಹೀಗೆಯೇ ಗಟ್ಟಿಯಾದವು.

ದಂತಕೀಲದ ಅಚ್ಚಿಗೆ ಹಳೆಯ ಪದ್ಧತಿಯಲ್ಲಿ ಎರಡು ದಾರಿಗಳಿವೆ. ಕೀಲದ ತಲೆಗೆ ಒಂದು ಲೋಹದ ಗುರುತನ್ನು ತಿರುಪಿ, ಅದರ ಮೇಲೆ ತಟ್ಟೆಯಲ್ಲಿ ರಬ್ಬರನ್ನು ಒತ್ತುತ್ತಾರೆ. ಮುಚ್ಚಿದ ತಟ್ಟೆಯ ಕ್ರಮದಲ್ಲಿ ಅಚ್ಚು ಹೊರಬಂದ ಮೇಲೆ ಗುರುತನ್ನು ಬಿಚ್ಚಿ ಅಚ್ಚಿನೊಳಗೆ ಮರಳಿ ಕೂರಿಸಬೇಕು. ತೆರೆದ ತಟ್ಟೆಯ ಕ್ರಮದಲ್ಲಿ ತಟ್ಟೆಯ ರಂಧ್ರದ ಮೂಲಕ ತಿರುಪನ್ನು ಬಿಚ್ಚಿದರೆ ಗುರುತು ಅಚ್ಚಿನೊಡನೆಯೇ ಹೊರಬರುತ್ತದೆ. ಮರಳಿ ಕೂರಿಸುವ ದೋಷಕ್ಕೆ ಎಡೆಯಿಲ್ಲ. ಕೀಲಗಳು ಅನೇಕವಿದ್ದಾಗ ಗುರುತುಗಳನ್ನು ರಾಳದಿಂದ ಒಂದಕ್ಕೊಂದು ಕಟ್ಟುವುದುಂಟು. ರಾಳ ಗಟ್ಟಿಯಾಗುವಾಗ ಕುಗ್ಗಿ ಗುರುತುಗಳನ್ನು ಎಳೆಯುತ್ತದೆ. ಅದರ ಪರಿಹಾರಕ್ಕಾಗಿ ರಾಳದ ಪಟ್ಟಿಯನ್ನು ನಡುವೆ ಕತ್ತರಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಸಣ್ಣ ಸೀಳನ್ನು ಮಾತ್ರ ಹೊಸ ರಾಳದಿಂದ ತುಂಬುತ್ತಾರೆ. ಬೆಸುಗೆ ಬೇಕೇ ಬೇಕೆಂದಾದರೆ ಅದನ್ನು ಆದಷ್ಟು ಚಿಕ್ಕದು ಮಾಡುವ ಜಾಣ್ಮೆ ಇದು. 2014ರಲ್ಲಿ ಪಾಪಸ್ಪಿರಿಡಾಕೋಸ್ ಮತ್ತು ಸಂಗಡಿಗರು ಅದುವರೆಗಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಟ್ಟಿದ ಗುರುತುಗಳು ಕಟ್ಟದವುಗಳಿಗಿಂತಲೂ, ಹಲ್ಲಿಲ್ಲದ ದವಡೆಯಲ್ಲಿ ತೆರೆದ ತಟ್ಟೆಯು ಮುಚ್ಚಿದುದಕ್ಕಿಂತಲೂ ಉತ್ತಮವೆಂದು ಕಂಡುಬಂದಿತು.

ಅಚ್ಚು ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎರೆದ ಜಿಪ್ಸಮ್ ಮಾದರಿ ಕೊಂಚ ಹಿಗ್ಗುತ್ತದೆ. ಎರಕದ ಚಿನ್ನದ ಮಿಶ್ರಲೋಹ ನೂರಕ್ಕೆ ಸುಮಾರು 1.5ರಷ್ಟು ಕುಗ್ಗುತ್ತದೆ, ಅದನ್ನು ಸರಿದೂಗಿಸಲು ಎರಕದ ಮಣ್ಣನ್ನು ಬೇಕೆಂದೇ ಹಿಗ್ಗಿಸುತ್ತಾರೆ. ಒಂದು ತಪ್ಪನ್ನು ಮತ್ತೊಂದು ತಪ್ಪಿನಿಂದ ತೂಗುವ ಈ ವಿದ್ಯೆಯೇ ಹಳೆಯ ಕರ್ಮಶಾಲೆಯ ಸಾರ. ಡಿಜಿಟಲ್ ಪದ್ಧತಿಯ ಪ್ರತಿಪಾದಕರು ಈ ಸರಪಳಿಯ ಕೊಂಡಿಗಳನ್ನು ಕಡಿಮೆ ಮಾಡಿದುದನ್ನೇ ತಮ್ಮ ಮುಖ್ಯ ಲಾಭವೆಂದು ಹೇಳುತ್ತಾರೆ. ಆ ಮಾತಿನಲ್ಲಿ ನಿಜವಿದೆ.

ಬೆಳಕಿನಿಂದ ಅಚ್ಚು ತೆಗೆಯಬಹುದೆಂಬ ಕಲ್ಪನೆಯನ್ನು ಫ್ರಾನ್ಸಿನ ಫ್ರಾನ್ಸ್ವಾ ದ್ಯೂರೆ 1973ರಲ್ಲಿ ಲಿಯೋನಿನ ಪ್ರೌಢಪ್ರಬಂಧದಲ್ಲಿ ಮಂಡಿಸಿದನು. 1980ರ ದಶಕದಲ್ಲಿ ಅವನ ಯಂತ್ರ ಪ್ರದರ್ಶಿತವಾಯಿತಾದರೂ ದುಬಾರಿಯೂ ಜಟಿಲವೂ ಆಗಿದ್ದುದರಿಂದ ನೆಲೆಗೊಳ್ಳಲಿಲ್ಲ. ನೆಲೆಗೊಂಡುದು ಜ್ಯೂರಿಕ್ಕಿನ ವೆರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ಎಂಬವರ ಸೆರೆಕ್ ಯಂತ್ರ. 1985ರ ಸೆಪ್ಟೆಂಬರ್ 19ರಂದು ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ಅದರಿಂದ ಮೊದಲ ರೋಗಿಗೆ ಚಿಕಿತ್ಸೆ ನಡೆಯಿತು. ಹಲ್ಲಿನ ಮಿರುಗು ಬೆಳಕನ್ನು ಚದುರಿಸದಂತೆ ಅದರ ಮೇಲೆ ಬಿಳಿಯ ಪುಡಿಯನ್ನು ಸಿಂಪಡಿಸಿ, ಒಂದು ಕೋನದಿಂದ ಬೆಳಕಿನ ಗೆರೆಗಳನ್ನು ಚೆಲ್ಲಿ, ಮತ್ತೊಂದು ಕೋನದಿಂದ ಅವುಗಳ ಡೊಂಕನ್ನು ನೋಡಿ ಆಳವನ್ನು ಗಣಿಸುವುದು ಅದರ ಮರ್ಮ. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಕೈಗೊಂಡ ತ್ರಿಕೋನಮಾಪನದ ಗಣಿತವೇ ಇಲ್ಲಿ ಹಲ್ಲಿನ ಗಾತ್ರಕ್ಕೆ ಇಳಿದಿದೆ. ಜ್ಯೂರಿಕ್ಕಿನವರ ಉದ್ದೇಶ ಹಲ್ಲಿನ ಕುಳಿಯನ್ನು ಪಿಂಗಾಣಿಯಿಂದ ಒಂದೇ ಭೇಟಿಯಲ್ಲಿ ತುಂಬುವುದಾಗಿತ್ತು. ಒಂದು ಕುಳಿ ಒಂದೇ ನೋಟದಲ್ಲಿ ಅಡಗುತ್ತದೆ. ಬೆಸುಗೆಯ ಪ್ರಶ್ನೆಯೇ ಏಳಲಿಲ್ಲ.

ಆ ಪ್ರಶ್ನೆ ಎದ್ದುದು, 2000ದ ಈಚೆಗೆ ಇಡೀ ದವಡೆಯನ್ನು ನೋಡಬಲ್ಲ ಸ್ಕ್ಯಾನರುಗಳು ಬಂದ ಮೇಲೆ. ಕ್ಯಾಮರಾದ ಕಣ್ಣಿಗೆ ಒಮ್ಮೆಗೆ ಕಾಣುವುದು ಒಂದೆರಡು ಹಲ್ಲಿನಷ್ಟು ಜಾಗ ಮಾತ್ರ. ಅದು ಸಾಗುತ್ತ ಹೋದಂತೆ ಒಂದು ಚಿತ್ರದ ಅಂಚನ್ನು ಮುಂದಿನ ಚಿತ್ರದ ಅಂಚಿಗೆ ಹೊಂದಿಸಿ ಗಣಕಯಂತ್ರವು ದವಡೆಯನ್ನು ಕಟ್ಟುತ್ತದೆ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಪಳಿ ಎಳೆಯುತ್ತ ಸಾಗುವ ಮೋಜಣಿದಾರನ ಕೆಲಸವನ್ನೇ ಇದು ಹೋಲುತ್ತದೆ: ಒಂದೊಂದು ಹೆಜ್ಜೆಯ ತಪ್ಪು ಅಲ್ಪವಾದರೂ ಅವು ಕೂಡುತ್ತ ಹೋಗುತ್ತವೆ. ಹಲ್ಲುಗಳಿರುವಲ್ಲಿ ಅವುಗಳ ಏರಿಳಿತವೇ ಹೊಂದಿಕೆಗೆ ಗುರುತಾಗುತ್ತದೆ. ಹಲ್ಲಿಲ್ಲದ ದವಡೆಯಲ್ಲಿ ಕೀಲದಿಂದ ಕೀಲಕ್ಕೆ ನುಣುಪಾದ, ಒದ್ದೆಯಾದ, ಕದಲುವ ವಸಡು ಮಾತ್ರ ಇರುವುದರಿಂದ ಯಂತ್ರಕ್ಕೆ ಹಿಡಿಯಲು ಆಧಾರವಿಲ್ಲ. ಸ್ಕ್ಯಾನ್ ಮಾಡುವಾಗ ಕೀಲಗಳ ಮೇಲೆ ನಿಲ್ಲಿಸುವ ಗುರುತುಕಂಬಗಳೆಲ್ಲ ಒಂದೇ ಆಕಾರದವಾದ್ದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸುವ ಸಂಭವವೂ ಉಂಟು.

ಇಲ್ಲಿ ಯಥಾರ್ಥತೆ ಎಂಬ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡುವುದು ಆವಶ್ಯಕ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 1994ರ 5725ನೆಯ ಮಾನಕವು ಎರಡು ಗುಣಗಳನ್ನು ಬೇರ್ಪಡಿಸುತ್ತದೆ: ಅಳತೆಯು ನಿಜವಾದ ಬೆಲೆಗೆ ಎಷ್ಟು ಹತ್ತಿರ ಎಂಬುದೊಂದು, ಮತ್ತೆ ಮತ್ತೆ ಅಳೆದರೆ ಒಂದೇ ಉತ್ತರ ಬರುವುದೇ ಎಂಬುದು ಇನ್ನೊಂದು. ಎಲ್ಲ ಸಾಕ್ಷಿಗಳೂ ಒಂದೇ ತಪ್ಪನ್ನು ನುಡಿದರೆ ಐಕಮತ್ಯ ಸಿದ್ಧಿಸುತ್ತದೆ, ಸತ್ಯ ಸಿದ್ಧಿಸುವುದಿಲ್ಲ. ಪ್ರಯೋಗಶಾಲೆಯ ಮಾದರಿಯೊಂದನ್ನು ಸೂಕ್ಷ್ಮಮಾಪಕದಿಂದ ಮೊದಲೇ ಅಳೆದಿಟ್ಟು ಅದರೊಡನೆ ಅಚ್ಚುಗಳನ್ನು ಹೋಲಿಸಬಹುದು. ಜೀವಂತ ಬಾಯಿಯಲ್ಲಿ ಅಂಥ ಮೂಲಮಾನ ಇಲ್ಲ. ಬಾಯಿಯನ್ನು ಆ ಮಾಪಕದಲ್ಲಿಟ್ಟು ಅಳೆಯುವಂತಿಲ್ಲ. ಆದಕಾರಣ ಸಂಶೋಧಕರು ಅನೇಕ ವೇಳೆ ಒಂದು ಅಚ್ಚನ್ನು ಮತ್ತೊಂದು ಅಚ್ಚಿನೊಡನೆ ಹೋಲಿಸಿ ವ್ಯತ್ಯಾಸವನ್ನು ವರದಿ ಮಾಡಿದ್ದಾರೆ. ವ್ಯತ್ಯಾಸವಿದೆಯೆಂದ ಮಾತ್ರಕ್ಕೆ ತಪ್ಪು ಯಾವುದರದೆಂದು ಅದರಿಂದ ತಿಳಿಯದು. ಕಳೆದುಹೋದ ಶಾಸನದ ಎರಡು ಪಾಠಗಳನ್ನು ಎದುರಿಗಿಟ್ಟುಕೊಂಡವನ ಪಾಡು ಇದೇ.

ಈ ವಿವೇಚನೆಯೊಡನೆ ಪ್ರಕಟಿತ ಫಲಿತಾಂಶಗಳನ್ನು ಓದಿದರೆ ಅವುಗಳ ಪರಸ್ಪರ ವಿರೋಧ ಬಹುಮಟ್ಟಿಗೆ ಕರಗುತ್ತದೆ. ಒಂದು ಕೀಲ, ಅಥವಾ ಹತ್ತಿರದ ಎರಡು ಮೂರು ಕೀಲಗಳಿರುವಲ್ಲಿ ಡಿಜಿಟಲ್ ಅಚ್ಚು ಹಳೆಯದಕ್ಕೆ ಕಡಿಮೆಯಿಲ್ಲವೆಂಬುದರಲ್ಲಿ ಈಗ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ರೋಗಿಗಳೂ ಅದನ್ನೇ ಮೆಚ್ಚುತ್ತಾರೆ. ಬಾಯಿತುಂಬ ರಬ್ಬರು ಕಚ್ಚಿಕೊಂಡು ಓಕರಿಕೆ ತಡೆದು ಕುಳಿತವರಿಗೆ ಇದಕ್ಕೆ ಕಾರಣ ಹೇಳಬೇಕಾಗಿಲ್ಲ. ವಿವಾದವಿರುವುದು ಹಲ್ಲೇ ಇಲ್ಲದ ಇಡೀ ದವಡೆಯ ವಿಷಯದಲ್ಲಿ. 2014ರಲ್ಲಿ ನೆದರ್ಲೆಂಡ್ಸಿನ ಆಂಡ್ರೀಸನ್ ಮತ್ತು ಸಂಗಡಿಗರು ಹಲ್ಲಿಲ್ಲದ ಕೆಳದವಡೆಯ ರೋಗಿಗಳಲ್ಲಿ ಸ್ಕ್ಯಾನರನ್ನು ಪರೀಕ್ಷಿಸಿ, ಸರಿಯಾಗಿ ಕೂಡುವ ಚೌಕಟ್ಟನ್ನು ಮಾಡಲಾಗದಷ್ಟು ದೋಷ ಉಂಟಾಗುತ್ತದೆಂದು ನಿರ್ಣಯಿಸಿದರು. 2016ರಲ್ಲಿ ಪಾಪಸ್ಪಿರಿಡಾಕೋಸ್ ಮತ್ತು ಸಂಗಡಿಗರು ಹಲ್ಲಿಲ್ಲದ ದವಡೆಯ ಮಾದರಿಯ ಮೇಲೆ ಪ್ರಯೋಗ ನಡೆಸಿ, ಡಿಜಿಟಲ್ ಅಚ್ಚು ಹಳೆಯದಕ್ಕೆ ಸಮಾನವೆಂದರು. ಇವೆರಡನ್ನು ಎದುರುಬದುರು ನಿಲ್ಲಿಸಿ ಜಯಾಪಜಯ ಹೇಳುವವರು ಒಂದನ್ನು ಮರೆಯುತ್ತಾರೆ: ಮೊದಲನೆಯದು ಜೀವಂತ ಬಾಯಿ, ಎರಡನೆಯದು ಕಲ್ಲಿನಂಥ ಮಾದರಿ. ಮಾದರಿಗೆ ಜೊಲ್ಲಿಲ್ಲ, ನಾಲಿಗೆಯಿಲ್ಲ, ಕದಲುವ ವಸಡಿಲ್ಲ. ಉಪಯೋಗಿಸಿದ ಯಂತ್ರಗಳೂ ಒಂದೇ ಅಲ್ಲ. ಈ ವಿಷಯದ ಸಾಹಿತ್ಯದಲ್ಲಿ ಬಹುಪಾಲು ಪ್ರಯೋಗಶಾಲೆಯ ಮಾದರಿಗಳನ್ನೇ ಅವಲಂಬಿಸಿದೆಯೆಂಬುದನ್ನು ನೆನೆದರೆ, ಸಮಾನತೆಯ ಘೋಷಣೆಯನ್ನು ನಾವು ಅಷ್ಟರ ಮಟ್ಟಿಗೆ ಮಿತವಾಗಿಯೇ ಸ್ವೀಕರಿಸಬೇಕಾಗುತ್ತದೆ.

ಬೆಸುಗೆಯಿಂದ ಪಾರಾಗುವ ಮಾರ್ಗವೊಂದು ವಾಸ್ತುಶಿಲ್ಪದ ಇತಿಹಾಸದಿಂದ ಬಂದುದು ಕುತೂಹಲಕರ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಮಹಾಮಂದಿರವನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎತ್ತರದಿಂದ ಬೀಳುವುದರಲ್ಲಿದ್ದು ಪಾರಾದನು. ಕಟ್ಟಡವನ್ನು ಹತ್ತಿ ಅಳೆಯುವ ಬದಲು ಅದರ ಛಾಯಾಚಿತ್ರಗಳಿಂದಲೇ ಏಕೆ ಅಳೆಯಬಾರದೆಂಬ ಯೋಚನೆ ಅವನಿಗೆ ಹೊಳೆದುದು ಆಗ. 1867ರಲ್ಲಿ ಫೋಟೋಗ್ರಾಮೆಟ್ರಿ ಎಂಬ ಹೆಸರು ಬಳಕೆಗೆ ಬಂದಿತು. 1990ರ ದಶಕದಲ್ಲಿ ಯೆಮ್ಟ್ ಮತ್ತು ಸಂಗಡಿಗರು ಇದೇ ವಿದ್ಯೆಯನ್ನು ದಂತಕೀಲಗಳ ಸ್ಥಾನನಿರ್ಣಯಕ್ಕೆ ಅಳವಡಿಸಿ, 1999ರಲ್ಲಿ ಚಿಕಿತ್ಸಾಲಯದ ಪ್ರಥಮ ಪ್ರಯೋಗವನ್ನು ಪ್ರಕಟಿಸಿದರು. ಬಾಯಿಯ ಹೊರಗಿನ ಕ್ಯಾಮರಾ ಹಲವು ಕೀಲಗಳ ಗುರುತುಗಳನ್ನು ಒಂದೇ ಚಿತ್ರದಲ್ಲಿ ಕಾಣುವುದರಿಂದ ಒಂದರಿಂದ ಮತ್ತೊಂದಕ್ಕೆ ಹೆಜ್ಜೆಯಿಡುವ ಅಗತ್ಯ ಬೀಳದು. ವಸಡಿನ ಆಕಾರವನ್ನು ಮಾತ್ರ ಅದು ತೋರಿಸಲಾರದು. ಅದಕ್ಕಾಗಿ ಇಂದು ಸ್ಕ್ಯಾನರಿನ ಚಿತ್ರವನ್ನು ಇದರೊಡನೆ ಕೂಡಿಸುವರು.

ದಾಖಲೆಯ ದೃಷ್ಟಿಯಿಂದಲೂ ಒಂದು ಮಾತು. ಪ್ಲಾಸ್ಟರಿನ ಮಾದರಿ ಸವೆಯುತ್ತದೆ, ಒಡೆಯುತ್ತದೆ, ಜಾಗ ತಿನ್ನುತ್ತದೆ. ಆದರೆ ಕಪಾಟಿನಲ್ಲಿ ಉಳಿದಷ್ಟು ಕಾಲವೂ ಯಾರಾದರೂ ಅದನ್ನು ಕೈಗೆತ್ತಿಕೊಂಡು ಅಳೆಯಬಹುದು. ಡಿಜಿಟಲ್ ಅಚ್ಚು ಸವೆಯದು. ಆದರೆ ಅದನ್ನು ಶೇಖರಿಸಲು ವ್ಯಾಪಕವಾಗಿ ಬಳಸುವ ಎಸ್‌ಟಿಎಲ್ ಎಂಬ ಕಡತದ ಕ್ರಮವು 1980ರ ದಶಕದಲ್ಲಿ ಬೇರೊಂದು ಉದ್ದೇಶಕ್ಕೆ ಹುಟ್ಟಿದುದು. ಅದರಲ್ಲಿ ಅಂಕೆಗಳಿರುತ್ತವೆಯೇ ಹೊರತು ಅವು ಮಿಲಿಮೀಟರೋ ಅಂಗುಲವೋ ಎಂಬುದರ ಉಲ್ಲೇಖವಿರುವುದಿಲ್ಲ. ಚಿತ್ರಗಳನ್ನು ಗಣಕಯಂತ್ರವು ಎಲ್ಲೆಲ್ಲಿ ಹೇಗೆ ಬೆಸೆಯಿತೆಂಬುದೂ ಆ ಕಡತದಲ್ಲಿ ಉಳಿಯುವುದಿಲ್ಲ. ಪ್ಲಾಸ್ಟರಿನ ಚೂರುಗಳ ನಡುವಣ ಗೆರೆಯನ್ನು ಕಣ್ಣಿನಿಂದ ನೋಡಬಹುದಾಗಿತ್ತು. ಇಲ್ಲಿ ಸಂದು ಅಳಿಸಿಹೋಗಿ ಮೈಯೆಲ್ಲ ನುಣುಪಾಗಿ ತೋರುತ್ತದೆ.

ಇಡೀ ದವಡೆಯ ಚೌಕಟ್ಟನ್ನು ಕಡೆಯುವ ಮುನ್ನ, ಅಚ್ಚು ಯಾವ ವಿಧದ್ದೇ ಆಗಿರಲಿ, ಅದನ್ನು ಪರೀಕ್ಷಿಸುವ ಪದ್ಧತಿಯೊಂದು ವೈದ್ಯರಲ್ಲಿದೆ. ಮಾದರಿಯ ಮೇಲೆ ಕೀಲಗಳ ಗುರುತುಗಳನ್ನೆಲ್ಲ ಒಂದು ಪಟ್ಟಿಯಿಂದ ಕಟ್ಟಿ, ಆ ಪಟ್ಟಿಯನ್ನು ರೋಗಿಯ ಬಾಯಲ್ಲಿಟ್ಟು ತಿರುಪುಗಳನ್ನು ಬಿಗಿಯುತ್ತಾರೆ. ಈ ಪಟ್ಟಿಯನ್ನು ರಾಳದಿಂದ ಮಾಡುವುದುಂಟು. ಆದರೆ ರಾಳ ಕೊಂಚ ಬಾಗಿ ತಪ್ಪನ್ನು ಮರೆಮಾಚುವುದರಿಂದ ಕೆಲವರು ಪ್ಲಾಸ್ಟರನ್ನೇ ಆರಿಸಿಕೊಳ್ಳುತ್ತಾರೆ. ಪ್ಲಾಸ್ಟರು ಬಾಗಲಾರದು, ಕೀಲಗಳ ಸ್ಥಾನ ತಪ್ಪಿದ್ದರೆ ತಿರುಪು ಬಿಗಿಯುತ್ತಿದ್ದಂತೆಯೇ ಬಿರುಕು ಬಿಡುತ್ತದೆ. ಹಾಗೆ ಬಿರಿದರೆ ಅಚ್ಚನ್ನು ಮೊದಲಿನಿಂದ ತೆಗೆಯಬೇಕು.